ಅಪ್ಪ ಅಮ್ಮ ಬೇರೆಯಾಗುವ ನಾಟಕ: ಕೋಲಾರದಲ್ಲಿ ಆಡುವಾಗ ಯಾರ ಮನೆಯ ಕಥೆ ಹೇಳಬೇಕು?

ರಂಗದ ಗೀಳು, ಕೋಲಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರದ ಸಣ್ಣ ಹವ್ಯಾಸಿ ತಂಡ. ಈ ಸಲ ಮಕ್ಕಳು ದೊಡ್ಡವರು ಒಟ್ಟಿಗೆ ಕೂತು ನೋಡೋ ಸಂಸಾರದ ನಾಟಕ ಒಂದನ್ನ ಎತ್ತಿಕೊಂಡಿದ್ದೀವಿ. ಹನ್ನೆರಡು ವರ್ಷದ ಹುಡುಗಿ, ಅವಳ ಅಪ್ಪ ಅಮ್ಮ ಬೇರೆಯಾಗ್ತಾರೆ. ಆ ಒಂದು ವರ್ಷದ ಕಥೆ. ಸ್ಕ್ರಿಪ್ಟ್ ಬೆಂಗಳೂರಿನ ಗೆಳೆಯರೊಬ್ಬರದು, ಮಾತು ಹರಿತವಾಗಿದೆ.

ತೊಂದರೆ ಶುರುವಾಗಿದ್ದು ಓದು ಮಾಡುವಾಗ. ಕಥೆ ನಡೆಯೋದು ಅಪಾರ್ಟ್‌ಮೆಂಟಿನಲ್ಲಿ. ಅಮ್ಮ ಸಾಫ್ಟ್‌ವೇರ್, ಅಪ್ಪ ಜಾಹೀರಾತು ಕಂಪನಿ, ಹುಡುಗಿಗೆ ಬೇರೆ ರೂಮು, ಅವಳನ್ನ ಮಾತಾಡಿಸೋಕೆ ಮನೋವೈದ್ಯೆ. ಎಲ್ಲರದೂ ಒಂದೇ ಥರದ ಶುದ್ಧ ಕನ್ನಡ. ಬೇರೆ ಥರ ಮಾತಾಡೋದು ಮನೆಕೆಲಸದವಳು ಒಬ್ಬಳೇ. ಅವಳು ಮೂರು ಸಲ ಕಾಫಿ ತಂದು, ಒಂದು ಬುದ್ಧಿಮಾತು ಹೇಳಿ ಒಳಗೆ ಹೋಗ್ತಾಳೆ. ಆ ಪಾತ್ರ ಮಾಡಬೇಕಾದ ಹುಡುಗಿ ಪುಸ್ತಕ ಕೆಳಗಿಟ್ಟು ಕೇಳಿದಳು: "ಸಾರ್, ನಮ್ಮೂರಲ್ಲೂ ಗಂಡ ಹೆಂಡ್ತಿ ಬೇರೆಯಾಗ್ತಾರೆ. ಅದು ನಾಟಕ ಆಗಲ್ವಾ?"

ತಂಡದಲ್ಲಿ ಎರಡು ಗುಂಪಾಗಿದೆ. ಕಥೆ ಹಾಗೇ ಇರಲಿ, ಒಬ್ಬ ಮುಸ್ಲಿಂ ಪಕ್ಕದ ಮನೆಯವರು, ಒಬ್ಬ ತಮಿಳು ಟೀಚರ್ ಸೇರಿಸಿದ್ರೆ ಸಾಕು ಅನ್ನೋರು ಒಂದು ಕಡೆ. ಮನೆಯನ್ನೇ ಬದಲಾಯಿಸಿ ಅನ್ನೋರು ಇನ್ನೊಂದು ಕಡೆ. ನಿಮಗೇನನ್ನಿಸುತ್ತೆ?

ಟೊಮೇಟೊ ಮಂಡಿ

ಅಪ್ಪ ಅಮ್ಮ ಜಗಳ ಆಡಿದ್ರೆ ಮಗುಗೆ ಆಗೋ ನೋವು ಎಲ್ಲಾ ಮನೇಲೂ ಒಂದೇ. ಅದಕ್ಕೆ ಜಾತಿ ಭಾಷೆ ಎಲ್ಲಾ ಯಾಕೆ ಎಳೀತೀರ? ಚೆನ್ನಾಗಿರೋ ಸ್ಕ್ರಿಪ್ಟ್ ಕೆಡಿಸಬೇಡಿ.

ಬೇತಮಂಗಲದ ಕೆರೆ

ನೋವು ಒಂದೇ ಅಂತಲೇ ಇಟ್ಟುಕೊಳ್ಳೋಣ ಅಣ್ಣ. ಆದ್ರೆ ಆ ಮಗು ಅಳೋಕೆ ಜಾಗ ಎಲ್ಲಿದೆ ಅನ್ನೋದು ಬೇರೆ ಬೇರೆ. ಆ ಸ್ಕ್ರಿಪ್ಟಿನ ಹುಡುಗಿ ರೂಮಿಗೆ ಹೋಗಿ ಬಾಗಿಲು ಹಾಕ್ಕೋತಾಳೆ. ನಮ್ಮ ಕಡೆ ಒಂದು ಅಂಕಣದ ಮನೇಲಿ ಬಾಗಿಲು ಇರೋದೇ ಒಂದು, ಅದು ಬೀದಿಗೆ. ಅಪ್ಪ ಅಮ್ಮ ಪಿಸುಗುಟ್ಟಿದ್ದೂ ಕೇಳುತ್ತೆ, ಅಜ್ಜಿ ಮುಸುಕೊಳಗೆ ಬೈಕೊಂಡಿದ್ದೂ ಕೇಳುತ್ತೆ. ಮಗು ನಿದ್ದೆ ಬಂದವಳ ಥರ ಮಲಗಿರಬೇಕು ಅಷ್ಟೇ. ಇದು ಸೆಟ್ಟಿಂಗ್ ಬದಲಾಯಿಸೋ ವಿಷಯ ಅಲ್ಲ, ಇಡೀ ನಾಟಕದ ಕಟ್ಟೋಣವೇ ಬದಲಾಗುತ್ತೆ.

ಇನ್ನೊಂದು ಹೇಳ್ತೀನಿ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಒಂದು ಜೋಡಿ ಬಿಟ್ಟುಹೋಯ್ತು. ಕೋರ್ಟು ಇಲ್ಲ, ವಕೀಲ ಇಲ್ಲ. ಅರಳಿಕಟ್ಟೆ ಮೇಲೆ ನ್ಯಾಯ. ಎರಡೂ ಕಡೆ ದೊಡ್ಡೋರು ಕೂತಿದ್ರು. ಹೆಂಡತಿ ಕಡೆಯವರು ಕೊಟ್ಟಿದ್ದ ಪಾತ್ರೆಗಳನ್ನ ಚೀಲದಿಂದ ಸುರಿದು ಒಂದೊಂದಾಗಿ ತಿರುಗಿಸಿ ನೋಡ್ತಿದ್ರು. ಸ್ಟೀಲ್ ಪಾತ್ರೆ ಮೇಲೆ ಕೊಟ್ಟವರ ಹೆಸರು, ಮದುವೆ ತಾರೀಕು ಕೆತ್ತಿಸಿರ್ತಾರಲ್ಲ, ಅದನ್ನ ಗಟ್ಟಿಯಾಗಿ ಓದಿ "ಇದು ಅವರದು, ಇದು ಇವರದು" ಅಂತ ಎರಡು ರಾಶಿ ಮಾಡಿದ್ರು. ಒಂದು ಚೊಂಬಿನ ಮೇಲೆ ಮಗಳ ಹೆಸರಿತ್ತು, ನಾಮಕರಣಕ್ಕೆ ಬಂದಿದ್ದು. ಅದು ಯಾವ ರಾಶಿಗೆ ಅಂತ ಮಾತು ನಿಂತುಹೋಯ್ತು. ಆ ಹುಡುಗಿ ಕಟ್ಟೆ ಪಕ್ಕದಲ್ಲೇ ನಿಂತಿದ್ದಳು, ನನ್ನ ಓರಗೆಯವಳು. ನೀವು ಯಾವ ಮನೋವೈದ್ಯೆ ದೃಶ್ಯ ಬೇಕಾದ್ರೂ ಬರೀರಿ, ಇದರ ಮುಂದೆ ನಿಲ್ಲಲ್ಲ.

ರಂಗದ ಗೀಳು, ಕೋಲಾರ

ಮೈ ಜುಮ್ಮೆಂತು. ಇದನ್ನ ಬಳಸಿಕೊಳ್ಳಬಹುದಾ?

ಬೇತಮಂಗಲದ ಕೆರೆ

ಧಾರಾಳವಾಗಿ. ಊರು, ಮನೆ ಹೆಸರು ಮಾತ್ರ ಬೇಡ.

ಕರಿಕೋಟು

ಮುಳಬಾಗಿಲು ಕಡೆಯ ವಕೀಲೆ ನಾನು. ಕಟ್ಟೆ ಪಂಚಾಯ್ತಿ ದೃಶ್ಯ ಹಾಕೋದಾದ್ರೆ ಹಾಕಿ, ಆದ್ರೆ ಅರ್ಧ ಹಾಕಬೇಡಿ. ಹಿಂದೂ ವಿವಾಹ ಕಾಯ್ದೆ 1955ರ 29(2)ನೇ ಕಲಮು ರೂಢಿಯ ಬಿಡುಗಡೆಯನ್ನ ಉಳಿಸಿದೆ ನಿಜ. ಆದ್ರೆ ನಮ್ಮ ಸಮುದಾಯದಲ್ಲಿ ಇಂಥ ರೂಢಿ ಹಿಂದಿನಿಂದ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಸ್ಟಾಂಪ್ ಪೇಪರ್ ಮೇಲೆ ನಾಲ್ಕು ಜನ ಸಹಿ ಹಾಕಿದ ತಕ್ಷಣ ವಿಚ್ಛೇದನ ಆಗಿಬಿಡಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗೋದು ವರ್ಷಗಳು ಕಳೆದ ಮೇಲೆ, ಜೀವನಾಂಶ ಕೇಳೋಕೋ ಆಸ್ತಿ ಪಾಲು ಕೇಳೋಕೋ ಬಂದಾಗ.

ಕೋರ್ಟ್ ದೃಶ್ಯ ಇದ್ರೆ ದಯವಿಟ್ಟು ಹುಡುಗಿಯನ್ನ ಕಟಕಟೆಯಲ್ಲಿ ನಿಲ್ಲಿಸಿ "ಅಪ್ಪ ಬೇಕಾ ಅಮ್ಮ ಬೇಕಾ" ಅಂತ ಕೇಳಿಸಬೇಡಿ. ಎಲ್ಲಾ ಧಾರಾವಾಹಿಯಲ್ಲೂ ಇದೇ ನೋಡಿ ಸಾಕಾಗಿದೆ. ತಿಳುವಳಿಕೆ ಬಂದ ಮಗುವಿನ ಇಷ್ಟವನ್ನ ಕೋರ್ಟು ಪರಿಗಣಿಸಬಹುದು ಅಂತ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಲ್ಲೇ ಇದೆ. ಸಾಮಾನ್ಯವಾಗಿ ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆಸಿ ಮಗು ಜೊತೆ ಮಾತಾಡ್ತಾರೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಪ್ರಕಾರ ಅಲ್ಲಿ ವಕೀಲರನ್ನ ಇಟ್ಟುಕೊಳ್ಳೋದು ಹಕ್ಕಲ್ಲ, ಕೋರ್ಟು ಒಪ್ಪಬೇಕು. ಹಾಗಾಗಿ ಹತ್ತು ನಿಮಿಷದ ವಕೀಲರ ಭಾಷಣಾನೂ ಬೇಡ.

ಟೊಮೇಟೊ ಮಂಡಿ

ಭಾಷಣ ತೆಗೆದ್ರೆ ಜನ ಚಪ್ಪಾಳೆ ಯಾವಾಗ ತಟ್ಟಬೇಕು?

ಕರಿಕೋಟು

ಚಪ್ಪಾಳೆಗೋಸ್ಕರ ಮಗೂನ ಕಟಕಟೆ ಹತ್ತಿಸೋದು ಬೇಡ ಅಂತಲೇ ಹೇಳ್ತಿರೋದು.

ಮಾರಿಕುಪ್ಪಂ ರೈಲು

ನಾನು ಕೆಜಿಎಫ್‌ನವನು, ಮನೆ ಭಾಷೆ ತಮಿಳು. ಬೇರೆಯಾಗೋದು ಅಂದ್ರೆ ಜಗಳ ಆಡಿಯೇ ಆಗಬೇಕು ಅಂತ ಎಲ್ಲರೂ ಯಾಕೆ ಅಂದುಕೊಂಡಿದ್ದೀರ? 2001ರ ಫೆಬ್ರವರಿ ಕೊನೆಗೆ ಚಿನ್ನದ ಗಣಿ ಮುಚ್ಚಿತು. ಅಪ್ಪಂದಿರಿಗೆ ಊರಲ್ಲಿ ಕೆಲಸ ಇಲ್ಲ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡೋ ರೈಲು ಹತ್ತಿ ಬೆಂಗಳೂರು, ರಾತ್ರಿ ವಾಪಸ್ಸು. ಆಮೇಲೆ ಕೆಲವರು ವಾರಕ್ಕೊಮ್ಮೆ ಬಂದ್ರು, ಆಮೇಲೆ ತಿಂಗಳಿಗೊಮ್ಮೆ. ಕೆಲವರು ಬರೋದೇ ನಿಲ್ಲಿಸಿದ್ರು. ಯಾರೂ ಬೈದಾಡಲಿಲ್ಲ, ಯಾರೂ ಕೋರ್ಟಿಗೆ ಹೋಗಲಿಲ್ಲ. ಮೈನ್ಸ್ ಲೈನಿನ ಮನೆಗಳಲ್ಲಿ ಅಮ್ಮಂದಿರು ಇಂದಿಗೂ "ಅವರು ಬೆಂಗಳೂರಲ್ಲಿದ್ದಾರೆ" ಅಂತಲೇ ಹೇಳ್ತಾರೆ. ಹೀಗೆ ಬೇರೆಯಾಗೋದಕ್ಕೆ ದಿನಾಂಕ ಇಲ್ಲ, ಕಾಗದ ಇಲ್ಲ. ಮಗುಗೆ ಇಂಥ ದಿನದಿಂದ ಅಪ್ಪ ಇಲ್ಲ ಅಂತ ಹೇಳೋಕೂ ಆಗಲ್ಲ.

ನಮ್ಮಲ್ಲಿ ಕ್ರೈಸ್ತರೂ ಬಹಳ. ಅವರಿಗೆ 1869ರ ವಿಚ್ಛೇದನ ಕಾಯ್ದೆ. ಪರಸ್ಪರ ಒಪ್ಪಿಗೆಯಿಂದ ಬಿಡುಗಡೆ ಪಡೆಯೋ ದಾರಿ ಅದರಲ್ಲಿ ಬಂದಿದ್ದೇ 2001ರ ತಿದ್ದುಪಡಿಯಿಂದ. ಕ್ಯಾಥೊಲಿಕರಾದ್ರೆ ಕೋರ್ಟಿನ ತೀರ್ಪು ಒಂದು ಕಡೆ, ಚರ್ಚಿನದು ಇನ್ನೊಂದು ಕಡೆ. ಚರ್ಚು ಮದುವೆಯನ್ನ ಅಸಿಂಧು ಅಂತ ಹೇಳದೆ ಚರ್ಚಿನಲ್ಲಿ ಮರುಮದುವೆ ಆಗೋ ಹಾಗಿಲ್ಲ. ಇದನ್ನೆಲ್ಲ ಬಿಟ್ಟು ನಿಮ್ಮ ತಂಡದವರು "ಒಬ್ಬ ತಮಿಳು ಟೀಚರ್" ಸೇರಿಸಿ ಮುಗಿಸೋಣ ಅಂತಾರಲ್ಲ, ಬೇಜಾರಾಗುತ್ತೆ. ನಾವು ಪಕ್ಕದ ಮನೆಯವರಾಗಿ ಬಂದು ಹೋಗೋರಾ?

ಗೂಡಿನ ಸಂತೆ, ಶಿಡ್ಲಘಟ್ಟ

ಮೇಲಿನವರ ಮಾತಿಗೆ ನನ್ನದೂ ಸೇರಿಸಿ. ನಾಟಕದಲ್ಲಿ ಮುಸ್ಲಿಂ ದಂಪತಿ ಬೇರೆಯಾದ್ರೆ ಅದು ಮೂರು ಸಲ ತಲಾಕ್ ಅಂದೇ ಆಗಬೇಕು, ಗಂಡ ಗಡ್ಡ ಬಿಟ್ಟುಕೊಂಡು ಕೂಗಲೇಬೇಕು. ಆ ಥರದ ತಲಾಕನ್ನ ಸುಪ್ರೀಂ ಕೋರ್ಟ್ 2017ರಲ್ಲೇ ಅಸಿಂಧು ಮಾಡಿ, 2019ರಲ್ಲಿ ಕಾನೂನೂ ಬಂತು. ಹೆಂಡತಿಯೇ ಮುಂದೆ ಬಂದು ಖುಲಾ, ಅಂದ್ರೆ ಮದುವೆಯಿಂದ ಬಿಡುಗಡೆ, ಕೇಳೋದನ್ನ ವೇದಿಕೆ ಮೇಲೆ ಯಾರಾದ್ರೂ ನೋಡಿದ್ದೀರಾ? ಗಂಡ ಎರಡು ವರ್ಷ ಸಾಕದೆ ಬಿಟ್ಟರೆ ಕೋರ್ಟಿಗೆ ಹೋಗಿ ಬಿಡುಗಡೆ ಪಡೆಯೋ ಹಕ್ಕು 1939ರ ಕಾಯ್ದೆಯಲ್ಲೇ ಇದೆ.

ನನ್ನ ಚಿಕ್ಕಮ್ಮ ರೇಷ್ಮೆ ನೂಲು ತೆಗೆಯೋ ರೀಲಿಂಗ್ ಘಟಕದಲ್ಲಿ ದುಡಿದವರು. ಗೂಡು ಬೆಂದ ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬಿಳಿಚಿಕೊಂಡು ಸುಲಿದಿರುತ್ತಿತ್ತು. ಖುಲಾ ತಗೊಂಡ ದಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಗೆರೆ ಸರಿಯಾಗಿ ಮೂಡದೆ ಇನ್ನೊಮ್ಮೆ ಒತ್ತಿಸಿದ್ರು. ಯಾರೂ ಕೂಗಾಡಲಿಲ್ಲ. ಮಾರನೇ ದಿನ ಕೆಲಸಕ್ಕೆ ಹೋದ್ರು. ಇಬ್ಬರು ಮಕ್ಕಳನ್ನ ಓದಿಸಿದ್ರು. ನನಗೆ ನೋಡಬೇಕಿರೋದು ಇಂಥ ಹೆಂಗಸನ್ನ.

ಬಾಗೇಪಲ್ಲಿ ಬಸ್‌ಸ್ಟ್ಯಾಂಡ್

ಭಾಷೆ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ನಮ್ಮ ಕಡೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಅಂಗಡೀಲಿ ಎರಡೂ. ಜಗಳ ಪಕ್ಕಾ ತೆಲುಗಲ್ಲೇ ಆಗೋದು!

ರಂಗದ ಗೀಳು, ಕೋಲಾರ

ಅದೇ ನನ್ನ ಭಯ. ಸ್ಪರ್ಧೆಗೆ ಬೇರೆ ಜಿಲ್ಲೆಗೆ ಹೋದ್ರೆ ಅರ್ಥ ಆಗಬೇಕಲ್ಲ. ತೀರ್ಪುಗಾರರು "ಇದು ಕನ್ನಡ ನಾಟಕಾನಾ" ಅಂದ್ರೆ?

ಬಾಗೇಪಲ್ಲಿ ಬಸ್‌ಸ್ಟ್ಯಾಂಡ್

ಜಗಳ ಯಾವ ಭಾಷೇಲಿ ಆದ್ರೂ ಅರ್ಥ ಆಗುತ್ತೆ. ಹುಡುಗಿ ಸ್ಕೂಲಲ್ಲಿ ಕನ್ನಡದಲ್ಲಿ ಹೇಳಲಿ, ಮನೇಲಿ ತೆಲುಗಲ್ಲಿ ಕೇಳಲಿ. ನೋಡೋರಿಗೆ ಎರಡು ಸಲ ತಿಳಿಯುತ್ತೆ. ನಾವು ತೆಲುಗು ಮನೆಯವರು ಕನ್ನಡಿಗರಲ್ಲ ಅಂತ ಯಾರಾದ್ರೂ ಅಂದ್ರೆ ಆ ತೀರ್ಪುಗಾರರನ್ನ ನಮ್ಮೂರಿಗೆ ಕಳಿಸಿ, ಮಾತಾಡೋಣ.

ಹುಣಸೆತೋಪು

ಅದಿರಲಿ, ಆಡೋದು ಎಲ್ಲಿ? ಟಿ. ಚನ್ನಯ್ಯ ರಂಗಮಂದಿರದಲ್ಲಾ? ಹಾಗಿದ್ರೆ ಪಿಸುಮಾತಿನ ದೃಶ್ಯಗಳಿಗೆ ಮೈಕ್ ಮೊದಲೇ ನೋಡಿಕೊಳ್ಳಿ. ಹೋದ ಸಲ ಬೇರೆ ಯಾರದೋ ನಾಟಕಕ್ಕೆ ಬಂದು ಹಿಂದಿನ ಸಾಲಲ್ಲಿ ಕೂತಿದ್ದೆ, ಅರ್ಧ ಮಾತು ಕೇಳಿಸಲೇ ಇಲ್ಲ.

ರಂಗದ ಗೀಳು, ಕೋಲಾರ

ಮೊದಲ ಪ್ರಯೋಗ ಬಯಲಲ್ಲೇ ಮಾಡೋ ಆಸೆ. ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡಿನ ಕಾರ್ಯಕ್ರಮಗಳನ್ನ ನೋಡಿ ಬೆಳೆದವರು ನಾವು. ಜನ ನೆಲದ ಮೇಲೆ ಕೂತು ನೋಡೋ ನಾಟಕ ನಮಗಿಷ್ಟ.

ಬಳಪ

ಸರ್ಕಾರಿ ಶಾಲೆ ಶಿಕ್ಷಕಿ. ನೀವೆಲ್ಲ ಮನೆ, ಕಟ್ಟೆ, ಕೋರ್ಟು ಅಂತಿದ್ದೀರಿ. ಈ ಮಕ್ಕಳ ಕಷ್ಟ ಹೆಚ್ಚು ಕಣ್ಣಿಗೆ ಬೀಳೋದು ಶಾಲೆಯಲ್ಲಿ, ಅದೂ ಅರ್ಜಿ ತುಂಬಿಸುವಾಗ. ತಂದೆಯ ಹೆಸರು, ತಂದೆಯ ಉದ್ಯೋಗ, ತಂದೆಯ ಸಹಿ. ಹಾಸ್ಟೆಲ್‌ಗೆ ಹಾಕಬೇಕು, ವಿದ್ಯಾರ್ಥಿವೇತನ ಬೇಕು ಅಂದ್ರೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ. ಅದಕ್ಕೆ ತಂದೆ ಕಡೆ ದಾಖಲೆ ತನ್ನಿ ಅಂತಾರೆ. ಅಪ್ಪ ಮನೆಗೇ ಬರದವನು, ದಾಖಲೆ ಎಲ್ಲಿಂದ ತರೋದು? ಒಬ್ಬ ತಾಯಿ ನನ್ನ ಮುಂದೆ ಕೂತು, ಗಂಡನ ತಮ್ಮನಿಗೆ ಫೋನ್ ಮಾಡಿ, "ಅವರ ಟಿಸಿ ಜೆರಾಕ್ಸ್ ಒಂದು ಕೊಡಿಸಪ್ಪಾ, ಇನ್ನೇನೂ ಕೇಳಲ್ಲ" ಅಂತ ಬೇಡಿಕೊಂಡಿದ್ದನ್ನ ನೋಡಿದ್ದೀನಿ. ಮಗಳು ಪಕ್ಕದಲ್ಲೇ ನಿಂತು ನನ್ನ ಮೇಜಿನ ಮೇಲಿನ ಗ್ಲೋಬ್ ತಿರುಗಿಸ್ತಾ ಇದ್ದಳು.

ಅಂತರ್ಜಾತಿ ಮದುವೆ ಮುರಿದರಂತೂ ಇನ್ನೂ ಕಷ್ಟ. ತಾಯಿ ಪರಿಶಿಷ್ಟ ಜಾತಿ, ತಂದೆ ಬೇರೆ. ಮಗು ಬೆಳೀತಿರೋದು ತಾಯಿಯ ಕೇರಿಯಲ್ಲಿ. ಪ್ರಮಾಣಪತ್ರ ಮಾತ್ರ ತಂದೆಯ ಜಾತಿಯದು ಅಂತಾರೆ.

ಕರಿಕೋಟು

ಬಳಪ ಮೇಡಂ, ಇದು ತುಂಬಾ ಮುಖ್ಯ. 2012ರಲ್ಲಿ ಸುಪ್ರೀಂ ಕೋರ್ಟ್ ರಮೇಶ್‌ಭಾಯಿ ದಭಾಯಿ ನಾಯ್ಕಾ ಪ್ರಕರಣದಲ್ಲಿ ಹೇಳಿದೆ: ಇಂಥ ಮದುವೆಯಲ್ಲಿ ಮಗುವಿಗೆ ತಂದೆಯ ಜಾತಿಯೇ ಅನ್ನೋದು ಕೊನೇ ಮಾತಲ್ಲ. ತಾಯಿಯ ಸಮುದಾಯದಲ್ಲೇ ಬೆಳೆದು, ಅವರ ಹಾಗೇ ಅವಮಾನ, ಕೊರತೆ ಉಂಡಿದ್ದೀನಿ ಅಂತ ತೋರಿಸಿಕೊಡೋ ಅವಕಾಶ ಮಗುವಿಗಿದೆ. ಆ ತಾಯಂದಿರು ಕಚೇರಿಯಲ್ಲಿ ಇದನ್ನ ಕೇಳಬೇಕು. ಅಪ್ಪ ಇರುವಾಗ ತಾಯಿ ಪೋಷಕಳಾಗಲ್ಲ ಅನ್ನೋದೂ ಹಳೇ ಮಾತು. 1999ರಲ್ಲೇ ಗೀತಾ ಹರಿಹರನ್ ಪ್ರಕರಣದಲ್ಲಿ ಅದಕ್ಕೆ ಉತ್ತರ ಸಿಕ್ಕಿದೆ.

ಬಳಪ

ಕಚೇರಿಯಲ್ಲಿ ಕೇಳಿದ್ರೆ ಕೊಡ್ತಾರಾ ಅನ್ನೋದು ಬೇರೆ ಮಾತು. ಆದ್ರೂ ಬರೆದಿಟ್ಟುಕೊಂಡೆ, ಥ್ಯಾಂಕ್ಸ್.

ನೀಲಿ ಅಂಗಿ

ಮನೆ ಬದಲಾಯಿಸಿ ಅನ್ನೋರ ಪರ ನಾನು. ಒಂದು ಎಚ್ಚರಿಕೆ ಹೇಳ್ತೀನಿ. ಕೇರಿಯ ಮನೆ ತಂದ ತಕ್ಷಣ ಬರೆಯೋರು ಮೊದಲು ಮಾಡೋದೇನು ಗೊತ್ತಾ? ಅಪ್ಪನ ಕೈಗೆ ಬಾಟಲಿ ಕೊಡ್ತಾರೆ. ಅಪಾರ್ಟ್‌ಮೆಂಟಿನ ಅಪ್ಪ ಅಮ್ಮ ಬೇರೆಯಾದ್ರೆ "ಮನಸ್ಸು ಹೊಂದಲಿಲ್ಲ", "ಒಬ್ಬರನ್ನೊಬ್ಬರು ಕಳಕೊಂಡ್ರು", ಉದ್ದುದ್ದ ಮೌನ, ಮಳೆ, ಕಿಟಕಿ. ನಮ್ಮೋರು ಬೇರೆಯಾದ್ರೆ ಕುಡಿತ, ಹೊಡೆತ. ನಮ್ಮಪ್ಪ ಅಮ್ಮನೂ ಬೇರೆಯಾದ್ರು. ನಮ್ಮಪ್ಪ ಬೀಡಿ ಕೂಡ ಸೇದಿದವರಲ್ಲ. ಇಬ್ಬರಿಗೂ ಮನಸ್ಸು ಹೊಂದಲಿಲ್ಲ, ಅಷ್ಟೇ. ಅಮ್ಮನಿಗೆ ಓದು ಮುಂದುವರಿಸಬೇಕಿತ್ತು, ಅಪ್ಪನಿಗೆ ಊರು ಬಿಡೋಕೆ ಇಷ್ಟ ಇರಲಿಲ್ಲ. ಮನಸ್ಸು ಹೊಂದದೆ ಇರೋ ಹಕ್ಕು ನಮಗೂ ಇದೆ ಸ್ವಾಮಿ. ಅದನ್ನ ಒಬ್ಬರಾದ್ರೂ ಬರೀಬೇಕು.

ಹುಣಸೆತೋಪು

ಆದ್ರೆ ಕುಡಿತ ಇಲ್ಲ ಅಂತಲೂ ಹೇಳೋಕಾಗಲ್ಲವಲ್ಲ. ನಮ್ಮೂರಲ್ಲಿ ಎಷ್ಟೋ ಮನೆ ಮುರಿದಿರೋದು ಅದರಿಂದಲೇ.

ನೀಲಿ ಅಂಗಿ

ಇಲ್ಲ ಅಂತ ಯಾರು ಹೇಳಿದ್ರು? ಎಲ್ಲಾ ಜಾತಿ ಮನೇಲೂ ಇದೆ, ಅಪಾರ್ಟ್‌ಮೆಂಟಲ್ಲೂ ಇದೆ. ನಾಟಕದಲ್ಲಿ ಮಾತ್ರ ಒಂದೇ ಕೇರಿಗೆ ಅಂಟಿಸಿದ್ದಾರೆ.

ತೆಂಗಿನಗರಿ, ತಿಪಟೂರು

ತುಮಕೂರಿನಿಂದ ಒಂದು ಮಾತು. ಯಾರ ಕಥೆ ಅನ್ನೋದರ ಜೊತೆಗೆ ಯಾರು ಆಡ್ತಾರೆ ಅನ್ನೋದೂ ಇದೆಯಲ್ಲ. ನಮ್ಮ ಜಿಲ್ಲೆಯ ಗುಬ್ಬಿ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ. ಗಂಡಸರೇ ಹೆಣ್ಣು ಪಾತ್ರ ಕಟ್ಟುತ್ತಿದ್ದ ಕಾಲ ಅದು. ಆಮೇಲೆ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮನಂಥ ಕಲಾವಿದೆಯರು ಬೆಳಗಿದ್ರು. ಹೆಣ್ಣಿನ ಪಾತ್ರವನ್ನ ಹೆಣ್ಣೇ ಮಾಡಬೇಕು ಅನ್ನೋದು ಇವತ್ತು ಯಾರಿಗೂ ವಿಚಿತ್ರ ಅನ್ನಿಸಲ್ಲ. ಆದ್ರೆ ನಾಯಕಿ ಪಾತ್ರಕ್ಕೆ ಕಪ್ಪು ಬಣ್ಣದ ಹುಡುಗಿ ಅಂದ್ರೆ ಈಗಲೂ ನಿರ್ದೇಶಕರು ಪೌಡರ್ ಡಬ್ಬಿ ಹುಡುಕ್ತಾರೆ. ನಿಮ್ಮ ತಂಡದಲ್ಲಿ ಮನೆಕೆಲಸದವಳ ಪಾತ್ರ ಆ ಹುಡುಗಿಗೇ ಯಾಕೆ ಹೋಯ್ತು? ಅವಳ ಬಣ್ಣ ನೋಡಿಯಾ, ಅವಳ ಮಾತಿನ ಧಾಟಿ ಕೇಳಿಯಾ? ಇದನ್ನ ಸಿಟ್ಟಿನಿಂದ ಕೇಳ್ತಿಲ್ಲ. ಉತ್ತರ ಕೊಡಿ.

ರಂಗದ ಗೀಳು, ಕೋಲಾರ

ಪಾತ್ರ ಹಂಚಿದ್ದು ಮಾತಿನ ಧಾಟಿ ಕೇಳಿಯೇ. ಈಗ ಅವಳೇ ತಾಯಿಯ ಪಾತ್ರ ಓದ್ತಿದ್ದಾಳೆ, ಅವಳದೇ ಧಾಟಿಯಲ್ಲಿ. ಮೊನ್ನೆ ಮೊದಲ ದೃಶ್ಯ ಓದಿದಾಗ ಇಡೀ ತಂಡ ತಲೆ ಎತ್ತಿ ನೋಡ್ತು.

ಮೌನಿ ಮನೆ

ಬರೆಯೋದು ಬೇಡ ಅಂದುಕೊಂಡಿದ್ದೆ. ನನ್ನ ಮಗನಿಗೆ ಹುಟ್ಟಿನಿಂದ ಕಿವಿ ಕೇಳಿಸಲ್ಲ. ಅದು ಗೊತ್ತಾದ ವರ್ಷವೇ ಅವರಪ್ಪ ನಮ್ಮನ್ನ ಬಿಟ್ಟು ಹೋದ್ರು. ನಾಟಕಗಳಲ್ಲಿ ಇಂಥ ಮಗು ಬಂದ್ರೆ ಅದೇ ಕಾರಣ ಆಗಿಬಿಡುತ್ತೆ, ಮಗುವಿನ ದೆಸೆಯಿಂದ ಸಂಸಾರ ಮುರೀತು ಅನ್ನೋ ಹಾಗೆ. ಎಲ್ಲರೂ ಅದರ ಸುತ್ತ ಕೂತು ಅಳ್ತಾರೆ, ಮಗು ಒಂದು ಮಾತಾಡಲ್ಲ. ನನ್ನ ಮಗ ಕೈಯಲ್ಲಿ ದಿನಪೂರ್ತಿ ಮಾತಾಡ್ತಾನೆ. ಅಪ್ಪನ ಮೇಲೆ ಸಿಟ್ಟಿದೆ, ಅದನ್ನೂ ಕೈಯಲ್ಲೇ ಹೇಳ್ತಾನೆ. ನಾವು ಜಗಳ ಆಡುವಾಗ ಅವನಿಗೇನೂ ಗೊತ್ತಾಗಲ್ಲ ಅಂತ ಮನೆಯವರೆಲ್ಲ ಅಂದುಕೊಂಡಿದ್ರು. ಅವನು ಎಲ್ಲರ ಮುಖ ನೋಡ್ತಿದ್ದ. ನಿಮ್ಮ ನಾಟಕದಲ್ಲಿ ಇಂಥ ಪಾತ್ರ ಹಾಕಿ ಅಂತ ಕೇಳ್ತಿಲ್ಲ. ಹಾಕಿದ್ರೆ ಮಾತಾಡೋಕೆ ಬಿಡಿ.

ಗೂಡಿನ ಸಂತೆ, ಶಿಡ್ಲಘಟ್ಟ

ಅಕ್ಕ, ಬರೆದಿದ್ದು ಒಳ್ಳೇದಾಯ್ತು.

ಟೊಮೇಟೊ ಮಂಡಿ

ಎಲ್ಲಾ ಓದಿದೆ. ನನ್ನ ಆಕ್ಷೇಪ ಇನ್ನೂ ಇದೆ. ತೆಲುಗು ಮನೆ, ತಮಿಳು ಕ್ರೈಸ್ತರು, ಖುಲಾ, ಅಂತರ್ಜಾತಿ, ಕಿವಿ ಕೇಳದ ಮಗು, ಎಲ್ಲಾ ಒಂದೇ ನಾಟಕದಲ್ಲಿ ತುಂಬಿದ್ರೆ ಅದು ಸಂತೆ ಆಗುತ್ತೆ. ಹುಡುಗಿ ಎಲ್ಲಿ ಹೋದಳು ಅಂತ ಹುಡುಕಬೇಕಾಗುತ್ತೆ.

ಬೇತಮಂಗಲದ ಕೆರೆ

ಈ ಮಾತು ಒಪ್ಪಿದೆ ಅಣ್ಣ. ಎಲ್ಲರಿಗೂ ಒಂದೊಂದು ಕುರ್ಚಿ ಹಾಕೋದು ಬೇಡ. ಒಂದು ಮನೆ ತಗೊಳ್ಳಿ, ಅದನ್ನ ಪೂರ್ತಿ ನೋಡಿ. ಆ ಮನೆಯ ಭಾಷೆ, ಕೂಲಿ, ಜಾತಿ, ಕಾಗದ ಎಲ್ಲಾ ಆ ಹುಡುಗಿಯ ದಿನದೊಳಗೇ ಬರಲಿ. ಉಳಿದ ಮನೆಗಳ ಕಥೆಯನ್ನ ಮುಂದಿನ ವರ್ಷ ಆಡಿ, ಬೇರೆ ತಂಡ ಆಡಲಿ.

ಮಾರಿಕುಪ್ಪಂ ರೈಲು

ಮುಂದಿನ ವರ್ಷ ಮುಂದಿನ ವರ್ಷ ಅಂತ ನಾವು ಎಷ್ಟು ಕಾಯಬೇಕು? ನಿಮ್ಮ ವಾದ ಗೊತ್ತಾಗುತ್ತೆ. ಆದ್ರೂ ಈ ಪ್ರಶ್ನೆ ಕೇಳದೆ ಇರೋಕಾಗಲ್ಲ.

ರಂಗದ ಗೀಳು, ಕೋಲಾರ

ಇಷ್ಟು ದಿನದ ಚರ್ಚೆ ತಂಡದ ಮುಂದೆ ಓದಿದ್ವಿ. ಬರೆದ ಗೆಳೆಯರಿಗೂ ಕಳಿಸಿದ್ವಿ, ಹೊಸದಾಗಿ ಬರೆಯೋಕೆ ಒಪ್ಪಿದ್ದಾರೆ. ಈಗಿನ ರೂಪ ಹೀಗಿದೆ. ಅಮ್ಮ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ, ಕಂಪನಿ ಬಸ್ಸು ಊರಿಗೇ ಬಂದು ಕರಕೊಂಡು ಹೋಗುತ್ತೆ. ಅಪ್ಪ ಎಪಿಎಂಸಿಯಿಂದ ಟೊಮೇಟೊ ಲೋಡ್ ಹೊಡೆಯೋ ಲಾರಿ ಡ್ರೈವರ್. ಇಬ್ಬರದೂ ಪ್ರೀತಿಸಿ ಆದ ಮದುವೆ, ಜಾತಿ ಬೇರೆ. ಅಪ್ಪ ಕುಡಿಯಲ್ಲ, ಒಳ್ಳೆಯವನೇ. ಅವನ ಮನೆಯವರು ಹಬ್ಬಕ್ಕೆ ಅವನನ್ನ ಮಾತ್ರ ಕರೀತಾರೆ, ಅವನು ಹೋಗ್ತಾನೆ. ಬಿರುಕು ಬಿಡೋದು ಅಲ್ಲಿಂದ. ಮನೇಲಿ ತೆಲುಗು, ಶಾಲೆಯಲ್ಲಿ ಕನ್ನಡ. ಪಾತ್ರೆ ಹಂಚೋ ಕಟ್ಟೆ ಇದೆ, ಹಾಸ್ಟೆಲ್‌ಗೆ ಬೇಕಾದ ಜಾತಿ ಪ್ರಮಾಣಪತ್ರಕ್ಕೆ ಹುಡುಗಿ ಅಪ್ಪನ ಲಾರಿ ಹುಡುಕಿಕೊಂಡು ಮಂಡಿಗೆ ಹೋಗೋ ದೃಶ್ಯ ಇದೆ. ಕಟಕಟೆ ಇಲ್ಲ.

ಟೊಮೇಟೊ ಮಂಡಿ

ಮಂಡಿ ದೃಶ್ಯಕ್ಕೆ ನನ್ನ ಹತ್ರ ಬನ್ನಿ. ಹರಾಜು ಹೇಗೆ ಕೂಗ್ತಾರೆ, ಹದಿನೈದು ಕೆಜಿ ಬಾಕ್ಸು ಹೇಗೆ ಎತ್ತುತ್ತಾರೆ ತೋರಿಸ್ತೀನಿ. 2023ರ ಜುಲೈಯಲ್ಲಿ ಬಾಕ್ಸು ಎರಡು ಸಾವಿರ ದಾಟಿದಾಗಲೂ ಡ್ರೈವರಿಗೆ ಸಿಕ್ಕಿದ್ದು ಅದೇ ಬಾಡಿಗೆ. ಅದನ್ನೂ ಅಪ್ಪನ ಬಾಯಲ್ಲಿ ಹೇಳಿಸಿ. ಕೊನೆಗೆ ಇಬ್ಬರೂ ಒಂದಾಗ್ತಾರೆ ತಾನೆ?

ನೀಲಿ ಅಂಗಿ

ಬೇಡ. ಒಂದಾಗದೆ ಇದ್ರೂ ನಾವು ಚೆನ್ನಾಗೇ ಬೆಳೆದಿದ್ದೀವಿ.

ಬಳಪ

ಒಂದು ಮಾಡಿದ್ರೆ ನನ್ನ ತರಗತಿಯ ಮಕ್ಕಳನ್ನ ನಾಟಕಕ್ಕೆ ಕರಕೊಂಡು ಬರಲ್ಲ. ಮನೆಗೆ ಹೋಗಿ ಅಪ್ಪ ಯಾವಾಗ ಬರ್ತಾರೆ ಅಂತ ಕೂತಿರ್ತಾರೆ.

ಟೊಮೇಟೊ ಮಂಡಿ

ಸರಿ ಮೇಡಂ. ಅಪ್ಪ ಹಾಸ್ಟೆಲ್‌ಗಾದ್ರೂ ಮಗಳನ್ನ ನೋಡೋಕೆ ಬರಲಿ. ಅಷ್ಟು ಬೇಕೇಬೇಕು.

ರಂಗದ ಗೀಳು, ಕೋಲಾರ

ಅದು ಆಗಬಹುದು. ಇನ್ನೊಂದು ಸಹಾಯ ಬೇಕಿತ್ತು. ಅಮ್ಮನ ಪಾಳಿಯ ಗೆಳತಿ ಕೆಜಿಎಫ್ ಕಡೆಯವಳು, ಅವಳ ಗಂಡ ರೈಲು ಹತ್ತಿ ಹೋದವನು. ಮೂರು ದೃಶ್ಯಗಳಲ್ಲಿ ಇದ್ದಾಳೆ. ಅವಳ ತಮಿಳು ಮಾತು ತಿದ್ದೋಕೆ ಮಾರಿಕುಪ್ಪಂ ರೈಲು ಅವರು ಬರ್ತೀರಾ?

ಮಾರಿಕುಪ್ಪಂ ರೈಲು

ಬರ್ತೀನಿ. ಎರಡು ಷರತ್ತು. ಅವಳ ತಮಿಳಿಗೆ ಪ್ರೇಕ್ಷಕರನ್ನ ನಗಿಸಬಾರದು. ಆ ಮೂರು ದೃಶ್ಯದಲ್ಲಿ ಒಂದರಲ್ಲಾದ್ರೂ ಅವಳು ತನ್ನ ಮಗನ ಬಗ್ಗೆ ಮಾತಾಡಬೇಕು, ಬರೀ ನಾಯಕಿಗೆ ಸಮಾಧಾನ ಹೇಳ್ಕೊಂಡು ನಿಲ್ಲಬಾರದು. ಇದಕ್ಕೆ ಒಪ್ಪಿಗೆ ಇದ್ರೆ ಓದು ಎಷ್ಟು ಗಂಟೆಗೆ ಅಂತ ತಿಳಿಸಿ.